ಬೀಸುವ ಕೋಣೆಯ ಕಂಪ್ಯೂಟರ್

ನಮ್ಮ ಬೀದರಿನ ಮನೆಯ ಬೀಸುವ ಕೋಣೆಯಲ್ಲಿ ಈಗ ಹಿಟ್ಟಿಲ್ಲ, ಕಲ್ಲಿಲ್ಲ. ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಬೀಸುಕಲ್ಲು ಹೂಳಿದ್ದ ಗುಳಿ ನೆಲದಲ್ಲಿ ಹಾಗೆಯೇ ಉಳಿದಿರುವುದರಿಂದ ಮೇಜಿನ ಒಂದು ಕಾಲಿಗೆ ಹಂಚಿನ ತುಂಡು ಕೊಟ್ಟು ಸಮ ಮಾಡಿದ್ದೇನೆ. ಕೋಣೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ ಮಾತ್ರ. ನಿವೃತ್ತನಾಗಿ ಊರಿಗೆ ಮರಳುವಾಗ, ನಾನು ದುಡಿದ ಸಂಶೋಧನಾ ಸಂಸ್ಥೆಯವರು ಗುಜರಿಗೆ ಹಾಕಲಿದ್ದ ಈ ಯಂತ್ರವನ್ನು ಕೇಳಿ ತಂದೆ. ನನ್ನ ವೃತ್ತಿಜೀವನದ ಉತ್ತರಾರ್ಧದ ಟಿಪ್ಪಣಿಗಳೆಲ್ಲ ಇದರೊಳಗಿನ ಹಳೆಯ ಕನ್ನಡ ಫಾಂಟಿನಲ್ಲಿವೆ. ಹೊಸ ಯಂತ್ರಗಳಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ. ಆದಕಾರಣ ಇದನ್ನು ಬದುಕಿಸಿಕೊಳ್ಳುವುದೇ ನನ್ನ ನಿವೃತ್ತ ಜೀವನದ ಅರ್ಧ ಕೆಲಸವಾಯಿತು. ಆದರೆ ಟಿಪ್ಪಣಿಗಳಿಗಿಂತ ಹೆಚ್ಚಿನದೊಂದು ಇದರಲ್ಲಿ ಸಿಕ್ಕಿಕೊಂಡಿದೆ. ನನ್ನ ಅಕ್ಕ ಶಾಂತೆಯ ಶಾಲೆ ನಿಂತದ್ದು ನನ್ನ ಒಂದು ಮಾತಿನಿಂದಲೋ ಅಲ್ಲವೋ ಎಂಬುದಕ್ಕೆ ನಮ್ಮ ಅವ್ವ ಹೇಳಿದ ಎರಡು ಉತ್ತರಗಳು, ಅವಳದೇ ಧ್ವನಿಯಲ್ಲಿ, ಇದರ ಡಿಸ್ಕಿನಲ್ಲಿವೆ. ಎರಡೂ ಒಂದಕ್ಕೊಂದು ವಿರುದ್ಧವಾಗಿವೆ. ಅವುಗಳಲ್ಲಿ ಯಾವುದನ್ನು ಅವ್ವ ಕೊನೆಗೆ ಹೇಳಿದಳು ಎಂಬುದು ನನಗೆ ತಿಳಿಯದು.

ಯಂತ್ರಕ್ಕೆ ವೈದ್ಯ ಯೂಸುಫ್. ನೌಬಾದದಲ್ಲಿ ಅವನ ಮನೆ, ನಮ್ಮ ಓಣಿಯ ತುದಿಯಲ್ಲಿ ಅಂಗಡಿ. ಅವನ ತಂದೆ ಅದೇ ಅಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಮಳೆಗಾಲದಲ್ಲಿ ತೇವ, ಬೇಸಗೆಯಲ್ಲಿ ಕೆಂಪು ಧೂಳು. ವರ್ಷಕ್ಕೆ ನಾಲ್ಕು ಸಲವಾದರೂ ಅವನು ಬಂದು ಪೆಟ್ಟಿಗೆ ಬಿಚ್ಚಬೇಕು. ಪರದೆ ಕಪ್ಪಾಗಿ ಯಂತ್ರ ಬರೀ ಕೂಗುತ್ತಿದ್ದರೆ, ಮೆಮೊರಿ ಪಟ್ಟಿಯನ್ನು ಕಿತ್ತು ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮರಳಿ ಕೂರಿಸುತ್ತಾನೆ. ತಾನಾಗಿಯೇ ಆರಿಹೋಗುತ್ತಿದ್ದರೆ, ಬೋರ್ಡಿನ ಮೇಲಿನ ಪುಟ್ಟ ಡಬ್ಬಿಗಳಲ್ಲಿ ತಲೆ ಉಬ್ಬಿದವುಗಳನ್ನು ಹುಡುಕಿ, ಕಾಸಿ ತೆಗೆದು, ಸತ್ತ ಬೇರೆ ಬೋರ್ಡಿನಿಂದ ಕಿತ್ತವನ್ನು ಹಚ್ಚುತ್ತಾನೆ. ಅವನು ಮೊದಲ ಸಲ ಬಂದಾಗಲೇ ಹೇಳಿದ್ದ ಒಂದು ಕೆಲಸವನ್ನು ಮಾತ್ರ ನಾನು ಮಾಡಿಸಲಿಲ್ಲ. ಬೋರ್ಡಿನ ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಸೆಲ್ ಇರುತ್ತದೆ; ವಿದ್ಯುತ್ ಇಲ್ಲದಾಗಲೂ ಯಂತ್ರದ ಒಳಗಡಿಯಾರವನ್ನು ಅದು ನಡೆಸುತ್ತದೆ. ಅದು ಸತ್ತಿತ್ತು. ಆದ್ದರಿಂದ ದಿನವೂ ಬೆಳಿಗ್ಗೆ ಯಂತ್ರ ಚಾಲೂ ಆಗುವಾಗ ನಡುವೆ ನಿಂತು, ತಾರೀಖು ಸರಿಯಿಲ್ಲವೆಂದು ದೂರು ಹೇಳಿ, ಒಂದು ಗುಂಡಿ ಒತ್ತಲು ಕೇಳುತ್ತಿತ್ತು. ಒತ್ತಿದರೆ ತಾನು ಕಾರ್ಖಾನೆಯಲ್ಲಿ ಹುಟ್ಟಿದ ವರ್ಷದ ಮೊದಲ ದಿನದ ನಡುರಾತ್ರಿಯಿಂದ ಎಣಿಕೆ ಆರಂಭಿಸುತ್ತಿತ್ತು.

“ಸರ್, ಇದು ಕಂಪ್ಯೂಟರ್ ಅಲ್ರಿ, ನಮ್ಮ ದಾದಿ,” ಎಂದು ಯೂಸುಫ್ ತನ್ನ ಅಜ್ಜಿಯನ್ನು ನೆನೆದು ನಕ್ಕಿದ್ದ. “ಮುಂಜಾನಿ ಎದ್ದ ಕೂಡಲೆ ಕೇಳ್ತಾಳ, ಇವತ್ತ ಯಾವ ವಾರ ಅಂತ. ಸೆಲ್ ಹಾಕ್ತೇನಿ, ಒಂದು ಮಿನಿಟಿನ ಕೆಲಸ.”

“ಬೇಡಪ್ಪ. ತಾರೀಖು ಹೇಳಲಿಕ್ಕೆ ನನಗೆ ಯಂತ್ರ ಬೇಕೇನು? ನಾನು ಕೈಯಿಂದ ದಿನಚರಿ ಬರೀತೇನಿ.”

“ಹೌದ್ರಿ, ದುನಿಯಾದ ತಾರೀಖೆಲ್ಲಾ ತಿದ್ದೋರು ನೀವು. ಮನ್ಯಾಗಿನ ಗಡಿಯಾರ ಸತ್ತರ ಸಾಯ್ಲಿ.”

ಅವನ ಚುಚ್ಚುಮಾತು ನನಗೆ ಹಿಡಿಸಿತು. ಶಾಸನಗಳ, ಸನದುಗಳ ಕಾಲವನ್ನು ಮೂರು ಪಂಚಾಂಗಗಳಲ್ಲಿ ತಾಳೆ ನೋಡಿ ನಿರ್ಣಯಿಸುತ್ತ ಬಂದವನಿಗೆ ಗುಂಡಿಯಷ್ಟು ಸೆಲ್ಲಿನ ಹಂಗು ಬೇಡವೆಂಬ ಒಂದು ಬಗೆಯ ಅಹಂಕಾರ ಅದರಲ್ಲಿತ್ತು. ಆ ಸೆಲ್ ಹಾಕಿಸದೆ ವರ್ಷಗಳು ಹೋದವು, ಅವ್ವನೂ ಹೋದಳು.

ತಾಳೆ ನೋಡುವ ಈ ಚಾಳಿ ನನಗೆ ವಿಶ್ವವಿದ್ಯಾಲಯದಲ್ಲಿ ಹತ್ತಿದ್ದಲ್ಲ, ಇದೇ ಮನೆಯ ಊಟದ ಮಣೆಯ ಮೇಲೆ ಹತ್ತಿದ್ದು. ಅಪ್ಪ ಕೋರ್ಟಿನ ನಕಲು ವಿಭಾಗದಲ್ಲಿ ಗುಮಾಸ್ತ. ತೀರ್ಪುಗಳ ಅಸಲು ಪ್ರತಿಯನ್ನು ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಹೊಂದಿಸಿ ನಕಲು ತೆಗೆಯುವುದು, ಓದಿ ತಾಳೆ ನೋಡುವುದು, ಕೆಳಗೆ ಸಹಿ ಮಾಡುವುದು, ಇಷ್ಟೇ ಅವನ ಜೀವನ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತು ನೌಕರಿ ಸೇರಿದವನು. ಕೋರ್ಟಿನ ಭಾಷೆ ಬದಲಾಯಿತು, ಅವನ ಸಹಿ ಬದಲಾಗಲಿಲ್ಲ. ಬಲದಿಂದ ಎಡಕ್ಕೆ ಹರಿದು ಕೊನೆಯಲ್ಲಿ ಮೇಲಕ್ಕೆ ಸುರುಳಿಯಾಗಿ ಏಳುವ ಆ ಉರ್ದು ಸಹಿಯನ್ನು ನಾವು ಮಕ್ಕಳು ಓದಲಾರದೆ, ಚಿತ್ರದಂತೆ ನೋಡುತ್ತಿದ್ದೆವು. ಸಂಜೆ ನಾನೂ ಅಪ್ಪನೂ ಮೊದಲು ಉಣ್ಣಬೇಕು, ಅವ್ವ ಮತ್ತು ಅಕ್ಕ ನಮ್ಮ ನಂತರ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಮೊದಲ ತುತ್ತಿಗೆ ಮುನ್ನ ಆ ದಿನ ನಾನು ಕಂಡ ಒಂದು ಸಂಗತಿಯನ್ನು ಅಪ್ಪನಿಗೆ ಹೇಳಬೇಕೆಂಬ ಕಟ್ಟಳೆಯಿತ್ತು. ಹೇಳಿದ ಕೂಡಲೇ ಅವನ ಪ್ರಶ್ನೆ ಬರುತ್ತಿತ್ತು:

“ಕಂಡದ್ದೋ, ಕೇಳಿದ್ದೋ?”

“ಕಂಡದ್ದು, ಅಪ್ಪಾ.”

“ಎಲ್ಲಿ ನಿಂತು ಕಂಡಿ? ಬಿಸಲು ಯಾವ ಕಡಿಗಿತ್ತು?”

ಹೀಗೆ ನಾಲ್ಕಾರು ಪ್ರಶ್ನೆಗಳಿಗೆ ನಾನು ತಡವರಿಸದೆ ನಿಂತರೆ, ಅಪ್ಪ ತನ್ನ ಬಿಸಿ ರೊಟ್ಟಿಯ ಮೇಲಿನ ತೆಳುವಾದ ಪದರವನ್ನು ಇಡಿಯಾಗಿ ಎಬ್ಬಿಸಿ ನನ್ನ ಗಂಗಾಳಕ್ಕೆ ಹಾಕುತ್ತಿದ್ದ. ಆ ಪದರಕ್ಕಾಗಿ ನಾನು ಇಡೀ ದಿನ ಮನೆಯಲ್ಲಿ, ಓಣಿಯಲ್ಲಿ ಕಣ್ಣು ತೆರೆದುಕೊಂಡು ಅಲೆಯುತ್ತಿದ್ದೆ. ಅವ್ವನಿಗೆ ಈ ಪದ್ಧತಿ ಸೇರುತ್ತಿರಲಿಲ್ಲ. ಭಾಲ್ಕಿಯ ತವರಿನಲ್ಲಿ ತುಂಬಿದ ಪಂಕ್ತಿಯ ಗದ್ದಲದಲ್ಲಿ ಬೆಳೆದವಳು ಅವಳು.

“ಉಣ್ಣೂ ಕೂಸಿಗಿ ಜಬಾನಿ ತಗೋತೀರೇನ್ರಿ?” ಎಂದು ಒಲೆಯ ಮುಂದಿನಿಂದ ಗದರುವಳು. “ಕೋರ್ಟ ಹೊರಗ ಬಿಟ್ಟು ಬರ್ರಿ, ಚಪ್ಪಲ ಬಿಟ್ಟಂಗ.”

ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಅವರ ಜಗಳಗಳೆಲ್ಲ ಹೀಗೆ ಒಂದೇ ಕಡೆಯಿಂದ ಆರಂಭವಾಗಿ ಅಲ್ಲೇ ಮುಗಿಯುತ್ತಿದ್ದವು. ಉಂಡ ಮೇಲೆ ಅವ್ವ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಪಡಸಾಲೆಯ ಕಂದೀಲಿನ ಬತ್ತಿ ಇಳಿಸಿ ಊದಿ, “ಉರಿಯೂದೆಲ್ಲಾ ಆರಿಸಿ ಮಲಗಬೇಕು” ಎಂದು ತನಗೇ ಹೇಳಿಕೊಳ್ಳುವಳು. ಮುಂದೆ ಮನೆಗೆ ವಿದ್ಯುತ್ ಬಂದಾಗ ಆ ವಾಡಿಕೆ ಗೋಡೆಯ ಸ್ವಿಚ್ಚುಗಳಿಗೂ ದಾಟಿತು.

ಅಕ್ಕ ಆಗ ಏಳನೆಯ ತರಗತಿ. ಆ ವರ್ಷದ ಪಬ್ಲಿಕ್ ಪರೀಕ್ಷೆಗೆ ಕೂರಬೇಕಾದವಳು. ನಾನು ಎರಡನೆಯ ತರಗತಿಯಲ್ಲಿದ್ದೆ. ಇವೆರಡನ್ನೂ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ಕಂಡು ಖಚಿತಪಡಿಸಿಕೊಂಡಿದ್ದೇನೆ. ಬೆಳಗಿನ ಜಾವ ಬೀಸುವುದು ಅವಳ ಪಾಲಿನ ಕೆಲಸ. ಬೆಳಕಿಂಡಿಯ ಬೆಳಕು ಇಳಿಯುತ್ತಲೇ ಒಂದು ಕೈಯಿಂದ ಗೂಟ ತಿರುಗಿಸುತ್ತ, ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಓದುತ್ತಿದ್ದಳು. ಹಾಳೆಗಳ ನಡುವೆ ಹಿಟ್ಟು ಕೂತು, ಪುಸ್ತಕ ಮುಚ್ಚಿದರೆ ಬಿಳಿಯ ಹೊಗೆಯಂತೆ ಹಾರುತ್ತಿತ್ತು. ಆ ತಿಂಗಳ ಅಂಕಪಟ್ಟಿಯನ್ನು ಮಾಸ್ತರರು ಮನೆಗೆ ಕೊಟ್ಟು ಕಳಿಸಿದ್ದರು. ಅಪ್ಪ ಸಹಿ ಮಾಡಲಿಲ್ಲ. ಅಂಕಗಳನ್ನು ಕೂಡಿಸಿ ನೋಡಿದ. ಮಾಸ್ತರರು ಹಾಕಿದ ಮೊತ್ತದಲ್ಲಿ ತಪ್ಪಿತ್ತು. ತಪ್ಪಿದ್ದ ಕಾಗದಕ್ಕೆ ತಾನು ಸಹಿ ಹಾಕಲಾರೆನೆಂದು, ಶಾಲೆಗೆ ಬರೆಯಬೇಕೆಂದು ಹೇಳಿ ಅದನ್ನು ಗೂಡಿನಲ್ಲಿಟ್ಟ. ಬರೆಯಲಿಲ್ಲ. ಸಹಿಯಾದ ಪಟ್ಟಿ ತರಲಿಲ್ಲವೆಂದು ಅಕ್ಕನನ್ನು ಮಾಸ್ತರರು ತರಗತಿಯಲ್ಲಿ ದಿನವೂ ಎಬ್ಬಿಸಿ ನಿಲ್ಲಿಸಿದರು. ಕೊನೆಗೊಂದು ಬೆಳಿಗ್ಗೆ ನಾನು ಬೀಸುವ ಕೋಣೆಯ ಬಾಗಿಲಿಗೆ ಹೋದಾಗ, ಕಲ್ಲಿನ ಸುತ್ತ ಹರಡಿದ್ದ ಹಿಟ್ಟಿನ ಮೇಲೆ ಅಪ್ಪನ ಸಹಿ ಬಿದ್ದಿತ್ತು. ಒಂದಲ್ಲ, ಆರೋ ಏಳೋ. ಉರ್ದುವಿನ ಒಂದಕ್ಷರವೂ ಬಾರದ ಅಕ್ಕ ತೋರುಬೆರಳಿನಿಂದ ಬಲದಿಂದ ಎಡಕ್ಕೆ ಎಳೆದು, ಕೊನೆಯ ಸುರುಳಿಯನ್ನು ಎತ್ತಿ, ಒಪ್ಪದೆ ಅಳಿಸಿ, ಮತ್ತೆ ಎಳೆಯುತ್ತಿದ್ದಳು. ಕೊನೆಯದು ಅಪ್ಪನದಕ್ಕಿಂತ ಚೆಂದವಾಗಿತ್ತು. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಕಾಣಲಿಲ್ಲ.

ಆ ಸಂಜೆ ಅಕ್ಕ ಓಣಿಯ ಬಾವಿಗೆ ನೀರಿಗೆ ಹೋಗಿದ್ದಳು. ಅಪ್ಪ ಗಂಗಾಳದ ಮುಂದೆ ಕೂತ. ನನ್ನ ಬಳಿ ಇದಕ್ಕಿಂತ ದೊಡ್ಡ ಸಂಗತಿ ಇರಲಿಲ್ಲ. ದೂರು ಹೇಳುವ ಉದ್ದೇಶ ನನಗಿರಲಿಲ್ಲ. ಅಕ್ಕನ ಬೆರಳಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಇದನ್ನು ನನ್ನ ಸಮರ್ಥನೆಗಾಗಿ ಬರೆಯುತ್ತಿಲ್ಲ. ಏಳು ವರ್ಷದ ಮನಸ್ಸು ನನಗೆ ನೆನಪಿರುವಷ್ಟನ್ನು ಬರೆಯುತ್ತಿದ್ದೇನೆ.

“ಅಪ್ಪಾ, ಅಕ್ಕ ಹಿಟ್ಟಿನ್ಯಾಗ ನಿಮ್ಮ ಸಹಿ ಮಾಡ್ತಾಳ. ನಿಮ್ಮಕಿಂತಾ ಚಲೋ ಮಾಡ್ತಾಳ.”

“ಕಂಡದ್ದೋ, ಕೇಳಿದ್ದೋ?”

“ಕಂಡದ್ದು.”

“ಎಷ್ಟು ಸಹಿ?”

“ಆರು. ಇಲ್ಲ, ಏಳು. ಒಂದು ಅರ್ಧಾ ಇತ್ತು.”

ಅಪ್ಪ ಇನ್ನೇನೂ ಕೇಳಲಿಲ್ಲ. ಒಲೆಯ ಮುಂದೆ ಅವ್ವನ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಅಪ್ಪ ರೊಟ್ಟಿಯ ಮೇಲಿನ ಪದರವನ್ನು ಎಬ್ಬಿಸಿ ನನ್ನ ಗಂಗಾಳಕ್ಕೆ ಹಾಕಿದ. ನಾನು ತಿಂದೆ. ಅದರ ರುಚಿ ಹೇಗಿತ್ತೆಂದು ಇಂದು ನೆನಪಿಸಿಕೊಳ್ಳಲು ಹೋದರೆ, ಎಲ್ಲ ದಿನಗಳ ಹಾಗೆಯೇ ಇತ್ತೆಂಬುದು ನೆನಪಾಗುತ್ತದೆ. ಮರುದಿನ ಅಪ್ಪ ಕೋರ್ಟಿಗೆ ಹೋಗುವ ದಾರಿಯಲ್ಲಿ ಅಕ್ಕನ ಶಾಲೆಗೆ ಹೋಗಿ, ಅವಳು ಸಹಿ ಹಾಕಿ ಕೊಟ್ಟಿದ್ದ ಅಂಕಪಟ್ಟಿಯನ್ನು ಮಾಸ್ತರರಿಂದ ಇಸಿದುಕೊಂಡು ಬಂದ. ಸಂಜೆ ಪಡಸಾಲೆಯಲ್ಲಿ ಅಕ್ಕನನ್ನು ನಿಲ್ಲಿಸಿ, ಇದು ಯಾರ ಸಹಿ ಎಂದು ಕೇಳಿದ. ಅಕ್ಕ ಸುಳ್ಳು ಹೇಳಲಿಲ್ಲ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಅವನು ಹೇಳಿದ್ದು ಒಂದೇ ಮಾತು:

“ಅಸಲಿಗಿಂತಾ ನಕಲು ಚಲೋ ಇದ್ದರ ಅದು ಇನ್ನೂ ದೊಡ್ಡ ಗುನ್ಹೆ.”

ಅದೇ ವಾರದಲ್ಲಿ ಅಕ್ಕನನ್ನು ಔರಾದಿಗೆ ಕಳಿಸಿದರು. ಅಲ್ಲಿ ನಮ್ಮ ಸೋದರತ್ತೆಗೆ ಮೂರನೆಯ ಹೆರಿಗೆಯಾಗಿ ಮೈಗೆ ಆರಾಮವಿರಲಿಲ್ಲ. ಎರಡು ಕೂಸುಗಳನ್ನು ನೋಡಿಕೊಳ್ಳಲು, ರೊಟ್ಟಿ ಬಡಿಯಲು ಒಬ್ಬಳು ಬೇಕಾಗಿದ್ದಳು. ತಿಂಗಳೆಂದು ಹೋದವಳು ಪರೀಕ್ಷೆ ಕಳೆದರೂ ಬರಲಿಲ್ಲ. ಎರಡು ಮಳೆಗಾಲ ಅಲ್ಲೇ ಉಳಿದು, ಬಂದ ಮೇಲೆ ಶಾಲೆಯ ಮಾತನ್ನು ಅವಳೂ ಎತ್ತಲಿಲ್ಲ, ಯಾರೂ ಎತ್ತಲಿಲ್ಲ. ಭಾಲ್ಕಿಗೆ ಲಗ್ನ ಮಾಡಿ ಕೊಟ್ಟರು. ನಾನು ಓದಿದೆ. ಡಾಕ್ಟರೇಟ್ ಪಡೆದ ದಿನ ಅವಳು ಶೇಂಗಾ ಹೋಳಿಗೆ ಮಾಡಿಕೊಂಡು ಬಸ್ಸು ಹತ್ತಿ ಬಂದಿದ್ದಳು.

ಅತ್ತೆಯ ಮನೆಯಿಂದ ಕರೆಯ ಕಾಗದ ಬಂದದ್ದು ನಾನು ಆ ಮಾತು ಹೇಳುವ ಮೊದಲೋ, ನಂತರವೋ? ಅಪ್ಪ ಮೊದಲೇ ನಿರ್ಧರಿಸಿದ್ದನೋ? ನಾನು ದಾಖಲೆಗಳನ್ನೆಲ್ಲ ಜಾಲಾಡಿದೆ. ಕಾಗದ ಸಿಕ್ಕಿತು, ಅದರ ಮೇಲೆ ‘ಮಂಗಳವಾರ’ ಎಂದಷ್ಟೇ ಇದೆ, ಅಂಚೆಯ ಸಿಕ್ಕಾ ಒಂದು ಮಸಿಯ ಕಲೆಯಾಗಿದೆ. ಶಾಲೆಯ ಪುಸ್ತಕದಲ್ಲಿ ಅಕ್ಕನ ಹೆಸರಿಗೆ ಕೆಂಪು ಗೀಟು ಎಳೆದ ದಿನ ಇದೆ, ಕಾರಣದ ಅಂಕಣ ಖಾಲಿ. ಉಳಿದ ಸಾಕ್ಷಿ ಅವ್ವ ಒಬ್ಬಳೇ. ಅವಳ ಕೊನೆಯ ವರ್ಷಗಳಲ್ಲಿ, ನಾನು ಕೆಲಸ ಮಾಡುತ್ತಿದ್ದಾಗ ಆಗಾಗ ಬೀಸುವ ಕೋಣೆಗೆ ಬಂದು ಗುಳಿಯ ಪಕ್ಕ ಕಾಲು ಚಾಚಿ ಕೂರುತ್ತಿದ್ದಳು. ಮೈಕಿಲ್ಲದೆಯೂ ಕೆಲವು ಸಲ ಕೇಳಿದ್ದೆ; ಎರಡು ಸಲ ಮಾತ್ರ, ನಾನು ಕೇಳಿದಾಗ, ಯಂತ್ರಕ್ಕೆ ಸಿಕ್ಕಿಸಿದ ಅಗ್ಗದ ಮೈಕಿನ ಮುಂದೆ ಹೇಳಿದಳು. ಒಂದರಲ್ಲಿ ಹೀಗಿದೆ:

“ಮೊನ್ನಿ ಹೇಳಿದ್ದು ಬಿಡಪ್ಪ, ಅದು ಹಂಗಲ್ಲ. ಔರಾದದ ಕಾಗದ ಮೊದಲೇ ಬಂದಿತ್ತು. ನಿಮ್ಮಪ್ಪಾರು ಕಳಸ್ತೇನಿ ಅಂತ ಹೂಂ ಅಂದಿದ್ರು. ನೀ ಹಿಟ್ಟಿನ ಮಾತು ಹೇಳಿದ್ದಕ್ಕ ಏನೂ ಆಗ್ಲಿಲ್ಲ.”

ಇನ್ನೊಂದರಲ್ಲಿ ಹೀಗೆ:

“ಮೊನ್ನಿ ಹೇಳಿದ್ದು ಬಿಡಪ್ಪ, ಅದು ಹಂಗಲ್ಲ. ‘ಪರೀಕ್ಷಾ ಮುಗೀಲಿ, ಆಮ್ಯಾಲ ಕಳಸ್ತೇನಿ’ ಅಂತ ನಿಮ್ಮಪ್ಪಾರು ಔರಾದಕ್ಕ ಕಾಗದ ಬರದ ಇಟ್ಟಿದ್ರು. ನೀ ಊಟಕ್ಕ ಕೂತು ಹೇಳ್ದಿ ನೋಡು, ಮರುದಿನ ಆ ಕಾಗದ ಹರದು ಒಲ್ಯಾಗ ಹಾಕಿದ್ರು. ನಾ ಕಣ್ಣಾರೆ ನೋಡೇನಿ.”

ಅವ್ವನಿಗೆ ನಿನ್ನೆಯೂ ‘ಮೊನ್ನಿ’, ಹತ್ತು ವರ್ಷದ ಹಿಂದಿನದೂ ‘ಮೊನ್ನಿ’. ಎರಡೂ ಸಲ ಹಿಂದಿನದನ್ನು ರದ್ದುಮಾಡಿಯೇ ಮಾತಿಗೆ ಇಳಿದಿದ್ದಾಳೆ. ಸಾಕ್ಷಿಯ ಕೊನೆಯ ಹೇಳಿಕೆ ತಿದ್ದಿದ ಹೇಳಿಕೆ ಎಂದು ಹಿಡಿಯುವುದು ನಮ್ಮ ಶಿಸ್ತಿನ ರೂಢಿ. ಆದರೆ ಕೊನೆಯದು ಯಾವುದು? ನನ್ನ ದಿನಚರಿಯಲ್ಲಿ ಎರಡು ದಿನಗಳ ಉಲ್ಲೇಖವೂ ಇಲ್ಲ. ಯಾವ ಸನದನ್ನು ಓದಿದೆ, ಯಾವ ಲಿಪಿಕಾರನ ತಪ್ಪನ್ನು ಹಿಡಿದೆ ಎಂಬುದೆಲ್ಲ ಇದೆ. ಮನೆಯವರ ಮಾತನ್ನು ನಾನು ದಾಖಲೆಯೆಂದು ಎಣಿಸಿರಲಿಲ್ಲ. ಯಂತ್ರವನ್ನು ಕೇಳಿದರೆ, ಎರಡೂ ಕಡತಗಳಿಗೆ ಅದು ಒಂದೇ ತಾರೀಖು ಹೇಳುತ್ತದೆ, ಅದು ಹುಟ್ಟಿದ ವರ್ಷದ ಮೊದಲ ದಿನ. ಒಂದು ಕಡತ ನಡುರಾತ್ರಿ ಕಳೆದು ಹತ್ತೊಂಬತ್ತು ನಿಮಿಷಕ್ಕೆ, ಇನ್ನೊಂದು ಐವತ್ತೆರಡಕ್ಕೆ. ಅಂದರೆ ಯಂತ್ರ ಚಾಲೂ ಮಾಡಿ ಎಷ್ಟು ಹೊತ್ತಿಗೆ ಅವ್ವ ಮಾತಾಡಿದಳೆಂದು ನಿಮಿಷದ ಲೆಕ್ಕದಲ್ಲಿ ಗೊತ್ತು. ಯಾವ ದಿನ, ಯಾವ ವರ್ಷ ಎಂಬುದು ಗೊತ್ತಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಡಿಸ್ಕು ಒಳಗಿನಿಂದ ಟಕ್ ಟಕ್ ಎನ್ನತೊಡಗಿತು. ಹೆದರಿ, ಎರಡೂ ಧ್ವನಿಗಳನ್ನು ಅಕ್ಕನಿಗೆ ಫೋನಿನಲ್ಲಿ ಕೇಳಿಸಿದೆ. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬರ ಮುಂದಿಟ್ಟು ನೋಡುವ ಕ್ರಮ ಅದು. ಅವಳು, “ಅವ್ವನ ಧ್ವನಿ ಖರೇನ ಹಂಗೇ ಅದ,” ಎಂದು ಫೋನ್ ಇಟ್ಟಳು. ಮರುದಿನ ಯೂಸುಫನನ್ನು ಕರೆಸಿ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವನು ಕಡತಗಳ ನಕಲು ತೆಗೆದು ಎರಡನ್ನೂ ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡು ಕೇಳಿದ. ಕೇಳುತ್ತ ಒಮ್ಮೆಲೆ ನೆಟ್ಟಗೆ ಕೂತ.

“ಸರ್, ಒಂದರಾಗ ಫ್ಯಾನ್ ಅಳ್ತದ. ಇನ್ನೊಂದರಾಗ ಇಲ್ಲ.”

ಹೌದು. ಅವ್ವ ‘ಏನೂ ಆಗ್ಲಿಲ್ಲ’ ಎನ್ನುವ ಕಡತದಲ್ಲಿ ಅವಳ ಮಾತಿನ ಹಿಂದೆ, ಪೆಟ್ಟಿಗೆಯನ್ನು ತಂಪಾಗಿಡುವ ಪುಟ್ಟ ಫ್ಯಾನಿನ ಸಣ್ಣ ಕೀರಲು ಇತ್ತು. ‘ಒಲ್ಯಾಗ ಹಾಕಿದ್ರು’ ಎನ್ನುವುದರಲ್ಲಿ ಇರಲಿಲ್ಲ. ಫ್ಯಾನು ಸವೆಯುತ್ತ ಹೋಗುವ ವಸ್ತುವಾದ್ದರಿಂದ, ಅಳುವುದೇ ನಂತರದ್ದಿರಬೇಕು. ಅರವತ್ತು ವರ್ಷಗಳ ಹೊರೆ ಒಂದು ಕೀರಲಿನ ಮೇಲೆ ಇಳಿಯುವುದರಲ್ಲಿತ್ತು. ಯೂಸುಫ್ ಮಾತ್ರ ನೆಲ ನೋಡುತ್ತಿದ್ದ.

“ಝರಾ ನಿಲ್ರಿ. ಸುಳ್ಳು ಹೇಳಬಾರದು. ಆ ಫ್ಯಾನಿಗಿ ನಾನೇ ಎಣ್ಣಿ ಬಿಟ್ಟೇನಿ, ಎರಡ ಸಲನೋ ಮೂರ ಸಲನೋ. ಎಣ್ಣಿ ಹಾಕಿದ್ರ ಸುಮ್ಮಾಗ್ತದ, ಆರಿದ್ರ ಮತ್ತ ಅಳ್ತದ. ಅದರ ಮ್ಯಾಲ ಆಣಿ-ಕಸಮ್ ಮಾಡ್ಲಿಕ್ಕಿ ಬರೂದಿಲ್ಲ.”

“ಎಣ್ಣೆ ಹಾಕಿದ ದಿನ ಎಲ್ಲಾದರೂ ಬರೆದಿದ್ದೀಯೇನು?”

“ಯಾರು ಬರೀತಾರ್ರಿ? ಚಾ ಕುಡದು ಹೋಗೂ ಕೆಲಸ ಅದು.” ಅವನು ಪೆಟ್ಟಿಗೆಯ ಮುಚ್ಚಳ ಹಾಕುತ್ತ, ಸಮಾಧಾನಕ್ಕೆಂಬಂತೆ ಮತ್ತೊಂದು ಮಾತು ಸೇರಿಸಿದ. “ಗ್ವಾಡಿ ಬಟನ್ ಚಾಲೂ ಬಿಟ್ಟಿದ್ರೂ ಸಾಕಿತ್ರಿ. ಕರೆಂಟ್ ಇರೂತನಕ ಸೆಲ್ ಸತ್ರೂ ಗಡಿಯಾರ ನಡೀತಿತ್ತು. ದಿನಾ ಬಂದ್ ಮಾಡ್ತಿದ್ದೋರು ಯಾರು?”

“ನಮ್ಮವ್ವ.”

ಅವನು ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ. ಅಂದು ಚಹವನ್ನೂ ಕುಡಿಯದೆ ಹೋದ.

ಆ ವಾರವೇ ನಾನು ಭಾಲ್ಕಿಯ ಬಸ್ಸು ಹತ್ತಿದೆ. ಅಕ್ಕ ಹಿತ್ತಲಿನ ಕಟ್ಟೆಯ ಮೇಲೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದ ಮೇಲೂ ಅವಳ ತೋರುಬೆರಳು ನೆಟ್ಟಗಿದೆ. ನಾನು ಪಕ್ಕದಲ್ಲಿ ಕೂತು, ಟಿಪ್ಪಣಿ ಪುಸ್ತಕ ತೆರೆದು, ಫ್ಯಾನಿನ ಕಥೆಯನ್ನೆಲ್ಲ ಹೇಳಿ, ಕೊನೆಗೆ ಕೇಳಿದೆ.

“ಅಕ್ಕಾ, ಎರಡರಾಗ ಖರೇ ಯಾವದು?”

“ಈಗ ನನಗ ಕೇಳ್ತಿಯೇನು ತಮ್ಮಾ?” ಅವಳು ತಲೆಯೆತ್ತಲಿಲ್ಲ. “ಸಾಲಿ ಪುಸ್ತಕಕ್ಕ ಕೇಳಿದಿ. ಪೋಸ್ಟಿನ ಸಿಕ್ಕಾಕ್ಕ ಕೇಳಿದಿ. ಅವ್ವಗ ಕೇಳಿದಿ, ಸತ್ತ ಮ್ಯಾಲೂ ಕೇಳಿದಿ. ಆ ಯೂಸುಫನ ಫ್ಯಾನಿಗಿ ಸುದ್ದಾ ಕೇಳಿದಿ.”

“ತಪ್ಪಾತು. ಈಗ ಕೇಳ್ತೇನಿ. ಅವ್ವ ಹೇಳಿದ್ದು ಬಿಡು. ನಿನಗೇನು ನೆನಪದ?”

ಅಕ್ಕ ನಾಲ್ಕು ಕಾಯಿ ಸುಲಿದಳು. ಕಾಳು ಬುಟ್ಟಿಗೆ, ಸಿಪ್ಪೆ ಸೆರಗಿಗೆ.

“ನನಗ ನೆನಪಿದ್ದದ್ದು ಬ್ಯಾರೇನೇ ಇತ್ತು. ಅಪ್ಪ ಸಾಲಿಂದ ಮಾರ್ಕಿನ ಕಾಗದ ತಂದ್ರಲಾ, ಮಾಸ್ತರ್‌ರೇ ಚಾಡಿ ಹೇಳ್ಯಾರ ಅಂತ ತಿಳಕೊಂಡಿದ್ದೆ. ಮುಂಜಾನಿ ಕಾಗದ ಕೊಡೂವಾಗ ಸಹಿ ಭಾಳ ಹೊತ್ತು ನೋಡಿದ್ರು ಅವರು. ನೀ ಹೇಳಿದ್ದು ಅಂತ ನನಗ ಗೊತ್ತೇ ಇರ್ಲಿಲ್ಲ. ಯಾರೂ ಹೇಳಿದ್ದಿಲ್ಲ, ಅವ್ವನೂ ಹೇಳಿದ್ದಿಲ್ಲ. ದೀಪಾವಳ್ಯಾಗ ನೀ ಫೋನಿನ್ಯಾಗ ಕೇಳಿಸಿದ್ಯಲಾ, ಆವಾಗ ಗೊತ್ತಾತು.”

ನಾನು ಟಿಪ್ಪಣಿ ಪುಸ್ತಕ ಮುಚ್ಚಿದೆ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ಆ ಮಾಸ್ತರು ಆಮ್ಯಾಲ ವರ್ಗ ಆಗಿ ಈ ಊರಿಗೇ ಬಂದ್ರು,” ಎಂದಳು ಅಕ್ಕ. “ಇದೇ ಓಣ್ಯಾಗ ಮನಿ. ಒಮ್ಮಿ ಬಜಾರದಾಗ ಗುರ್ತ ಹಿಡದು, ‘ಶಾಂತಾ, ಆರಾಮಿದ್ದಿಯೇನವ್ವ? ಪರೀಕ್ಷಾಕ್ಕ ಯಾಕ ಬರ್ಲಿಲ್ಲ ನೀ?’ ಅಂದ್ರು. ನಾ ಮಾರಿ ತಿರುವಿದೆ. ತೀರಕೊಂಡಾಗ ಮಣ್ಣಿಗೂ ಹೋಗ್ಲಿಲ್ಲ. ಎರಡ ಮನಿ ಆಚಿಗಿ ಹೆಣ ಇತ್ತು, ನಾ ಕದಾ ಹಾಕ್ಕೊಂಡು ರೊಟ್ಟಿ ಬಡದೆ.”